ನಮ್ಮ ಮಾವ ಕುರ್ಚಿ ಮಾರಿದ್ದು

ನಮ್ಮ ಸೋದರಮಾವನಿಗೆ ಕಾರ್ಖಾನೆಯ ಬಡಗಿಗಳು ಇಟ್ಟಿದ್ದ ಹೆಸರು ರೇಡಿಯೋ. ಎದುರಿಗೆ ‘ಸಾರ್’ ಅಂತಿದ್ದರು, ಅವರು ಬೆನ್ನು ತಿರುಗಿಸಿದ್ದೇ ತಡ, ‘ರೇಡಿಯೋ ಯಾವ ಕಡೆ ಹೋಯ್ತು ನೋಡ್ರೋ’ ಅಂತಿದ್ದರು. ಇದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. “ಇಟ್ಟಿದ್ದು ಇಟ್ರು, ಎರಡು ಬ್ಯಾಂಡಿನ ರೇಡಿಯೋ ಅಂತಾದ್ರೂ ಇಡಬಾರದಿತ್ತಾ” ಅಂತ ತಾವೇ ನಗುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ರಾತ್ರಿ ದಿಂಬಿಗೆ ತಲೆ ಕೊಟ್ಟಾಗಲೇ ನಿಲ್ಲುತ್ತಿದ್ದದ್ದು. ಆಮೇಲೆ ಗೊರಕೆ. ಒಟ್ಟಿನಲ್ಲಿ ಆ ಮನೆ ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿಲ್ಲ.

ನಾನು ಆ ಮನೆ ಸೇರಿದ್ದು ಟೈಪಿಂಗ್ ಪರೀಕ್ಷೆ ಮುಗಿಸಿದ ವರ್ಷ. ಮನೆಯಲ್ಲಿ ಕೂತು ಅಮ್ಮನ ಜೊತೆ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದೆ. “ಇವಳನ್ನ ಸಾಕೋದು ನನ್ನಿಂದಾಗಲ್ಲ, ನಿನ್ನ ಆಫೀಸಲ್ಲಿ ಒಂದು ಮೂಲೆಗೆ ಕೂರಿಸ್ಕೋ” ಅಂತ ಅಮ್ಮ ತಮ್ಮನ ಹತ್ತಿರ ಬೇಡಿಕೊಂಡಳು. ನನ್ನ ಬಾಯಿ ಆಗಲೂ ಜೋರೇ, ಈಗಲೂ ಜೋರೇ. ಆದರೆ ಮಾವನ ಮನೆಯಲ್ಲಿ ನನ್ನ ಬಾಯಿಗೆ ಸರದಿ ಸಿಗುವುದೇ ಕಷ್ಟವಾಗಿತ್ತು. ಅತ್ತೆಗಂತೂ ಸರದಿ ಬಂದದ್ದೇ ಇಲ್ಲ. ಹೂಂ, ಉಹೂಂ, ಊಟಕ್ಕೆ ಬನ್ನಿ. ಮೂರೇ ಮಾತಿನಲ್ಲಿ ಸಂಸಾರ ಮಾಡಿಕೊಂಡು ಬಂದ ಹೆಂಗಸು ಅಂತ ನಾನು ಆಗ ಅಂದುಕೊಂಡಿದ್ದೆ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಉದ್ದಕ್ಕೆ ತಗಡಿನ ಮಾಡು, ಕೆಳಗೆ ಎರಡು ಸಾಲು ಕೆಲಸದ ಮೇಜು. ಒಂದು ಕಡೆ ಮರ ಕೊಯ್ಯುವುದು, ಇನ್ನೊಂದು ಕಡೆ ಕಾಲು ಜೋಡಿಸುವುದು, ಕೊನೆಯಲ್ಲಿ ಪಾಲಿಶ್. ಮೂಲೆಯ ಒಲೆಯ ಮೇಲೆ ಸದಾ ಅಂಟಿನ ಪಾತ್ರೆ. ಆ ಅಂಟಿನ ನಾತಕ್ಕೆ ಮೊದಲ ವಾರ ನನಗೆ ಊಟ ಸೇರಲಿಲ್ಲ. ಈಗ ಎಲ್ಲಾದರೂ ಹಸಿ ಮರ ಕೊಯ್ಯುವ ವಾಸನೆ ಬಂದರೆ ಸಾಕು, ಕಾಲು ತಾನಾಗೇ ನಿಲ್ಲುತ್ತದೆ. ಮೆಟ್ಟಿಲು ಹತ್ತಿದರೆ ಆಫೀಸು. ಗಾಜಿನ ಕಿಟಕಿಯಿಂದ ಕೆಳಗಿನದೆಲ್ಲ ಕಾಣುತ್ತಿತ್ತು. ಕಿಟಕಿಯ ಈ ಕಡೆ ನನ್ನ ಟೈಪ್‌ರೈಟರು, ಆ ಕಡೆ ಮಾವನ ಮೇಜು. ಎಷ್ಟು ಒರೆಸಿದರೂ ಮಧ್ಯಾಹ್ನದ ಹೊತ್ತಿಗೆ ಕೀಲಿಗಳ ಮೇಲೆ ಮರದ ಪುಡಿ ಕೂತಿರುತ್ತಿತ್ತು.

ಮಾವನ ಕೆಲಸ ಹೊರದೇಶದವರಿಗೆ ಕುರ್ಚಿ ಮಾರುವುದು. ಹೆಚ್ಚು ಓದಿದವರೇನಲ್ಲ. ಎಲ್ಲಾ ದೇಶದವರ ಹತ್ತಿರವೂ ಆಡುವುದಕ್ಕೆ ಒಂದೇ ಭಾಷೆ. ಅದು ಮಾವನಿಗೂ ಸ್ವಂತದ್ದಲ್ಲ, ಬಂದವರಲ್ಲಿ ಬಹಳ ಜನಕ್ಕೂ ಸ್ವಂತದ್ದಲ್ಲ. “ಇಬ್ಬರೂ ಬಾಡಿಗೆ ಸೈಕಲ್ ಮೇಲೆ ಕೂತ ಹಾಗೆ ಕಣೇ, ಬಿದ್ರೂ ನಾಚಿಕೆ ಇಲ್ಲ” ಅನ್ನುತ್ತಿದ್ದರು. ಆದರೆ ಜನರನ್ನು ಓದುವುದರಲ್ಲಿ ಗಟ್ಟಿಗರು. ಒಬ್ಬ ಗಿರಾಕಿ ಬಂದ ತಕ್ಷಣ ವ್ಯವಹಾರ ಎತ್ತಿದರೆ ಮುಖ ಸಿಂಡರಿಸುತ್ತಿದ್ದ. ಅವನ ಹತ್ತಿರ ಮೊದಲು ಮಕ್ಕಳು, ಮೊಮ್ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಬೇಕು. ಇನ್ನೊಬ್ಬನಿಗೆ ಮಕ್ಕಳ ವಿಷಯ ಕೇಳಿದ್ದೇ ತಪ್ಪಾಗಿ, ‘ಅದು ನಿಮಗೆ ಯಾಕೆ’ ಅನ್ನುವ ಹಾಗೆ ನೋಡಿದ್ದ. ಮತ್ತೊಬ್ಬ ಹೇಳಿದ ವೇಳೆಗಿಂತ ಮುಂಚೆ ಬಂದು ಗೇಟಿನ ಹೊರಗೆ ಕಾರಲ್ಲೇ ಕೂತಿದ್ದ. ಮಾವ ಓಡಿಹೋಗಿ ಬಾಗಿಲು ತೆಗೆದು, ಕೈ ಹಿಡಿದು ಎಳೆದುಕೊಂಡೇ ಬಂದರು. ಆ ಮನುಷ್ಯ ಕೆಂಪಗಾಗಿಬಿಟ್ಟ. ಹೇಳಿದ ವೇಳೆಗೆ ಸರಿಯಾಗಿ ಒಳಗೆ ಕಾಲಿಡುವುದು ಅವನ ಮರ್ಯಾದೆ, ಬಂದವರನ್ನು ಹೊರಗೆ ಕೂರಿಸಬಾರದು ಅನ್ನುವುದು ನಮ್ಮ ಮರ್ಯಾದೆ. “ಇಬ್ಬರ ಮರ್ಯಾದೆಯೂ ಗೇಟಿನ ಹತ್ತಿರ ಡಿಕ್ಕಿ ಹೊಡೆಯಿತು” ಅಂತ ಮಾವ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಮುಂದಿನ ಸಲ ಅವನು ಬಂದಾಗ ಕಿಟಕಿಯಿಂದ ನೋಡುತ್ತಾ, ಹೊರಗೆ ಓಡದೆ, ಕುರ್ಚಿಯ ತೋಳನ್ನು ಹಿಡಿದುಕೊಂಡು ಕೂತಿದ್ದರು ಪಾಪ. ಒಬ್ಬೊಬ್ಬರಿಂದ ಒಂದೊಂದು ಕಲಿತು, ಕಲಿತದ್ದನ್ನು ಮರೆಯದೆ, ಆ ಕಾರ್ಖಾನೆಯ ಕುರ್ಚಿಗಳನ್ನು ಎಲ್ಲೆಲ್ಲಿಗೋ ಕಳಿಸಿದರು.

ಕುರ್ಚಿ ಮಾಡುತ್ತಿದ್ದದ್ದು ಮೇಸ್ತ್ರಿ. ಮಾವನ ಬಾಲ್ಯದ ಗೆಳೆಯ, ಒಂದೇ ಬೀದಿಯಲ್ಲಿ ಚಡ್ಡಿ ಹಾಕಿಕೊಂಡು ಆಡಿದವರು. ಕಾರ್ಖಾನೆಯೊಳಗೆ ‘ಸಾರ್’, ಗೇಟು ದಾಟಿದರೆ ‘ಲೋ’. ಮೇಸ್ತ್ರಿ ಮೊದಲು ರೈಲ್ವೆ ವರ್ಕ್‌ಶಾಪಿನಲ್ಲಿ ಖಾಯಂ ಕೆಲಸದಲ್ಲಿದ್ದವರು. ಹೊರದೇಶದ ಕುರ್ಚಿ ಶುರುವಾದಾಗ ಮಾವನೇ ಹೋಗಿ, “ಬಾರೋ, ನಿನ್ನ ಕೈಗೆ ತಕ್ಕ ಕೆಲಸ ಇಲ್ಲಿದೆ, ನಾನಿದ್ದೀನಿ” ಅಂತ ಹೇಳಿ ಬಿಡಿಸಿಕೊಂಡು ಬಂದಿದ್ದರು. ಇಂಥಾ ಮಾತು ಕೊಟ್ಟವನಿಗೆ ನಿದ್ದೆ ಕಷ್ಟ. ಕುರ್ಚಿ ವಿಭಾಗಕ್ಕೆ ಏನಾದರೂ ಆದರೆ ಮೇಸ್ತ್ರಿಗೆ ಹಿಂದೆ ಹೋಗಲು ದಾರಿಯಿರಲಿಲ್ಲ.

ಒಂದು ವರ್ಷ ಹಾಗೇ ಆಗುವ ಕಾಲ ಬಂತು. ಹಳೇ ಗಿರಾಕಿಗಳಲ್ಲಿ ಕೆಲವರು ಪ್ಲಾಸ್ಟಿಕ್ ಕಡೆ ತಿರುಗಿದರು. ಕಾರ್ಖಾನೆಯ ಯಜಮಾನರು ಮಾವನನ್ನು ಕರೆದು, “ಈಗ ಹೊರದೇಶದಿಂದ ಬರ್ತಿರೋ ಆಯಮ್ಮನ ಆರ್ಡರ್ ಸಿಕ್ಕರೆ ಕುರ್ಚಿ. ಸಿಗಲಿಲ್ಲ ಅಂದ್ರೆ ಈ ಮಾಡಿನ ಕೆಳಗೆ ಬಾಗಿಲು, ಕಿಟಕಿ ಮಾಡಿಸ್ತೀನಿ, ಅದಕ್ಕೆ ಈ ಜನ ಎಲ್ಲ ಬೇಡ” ಅಂದರು. ಮಾವ ಮೆಟ್ಟಿಲಿಳಿದು ಬಂದಾಗ ಮೇಸ್ತ್ರಿ, “ಏನಂತೆ?” ಅಂದರು. ಮಾವ ಮುಚ್ಚಿಡಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರು. ಮೇಸ್ತ್ರಿ ಮರ ಹೆರೆಯುವ ಕೀಸುಳಿಯ ಬಾಯಿ ಒರೆಸುತ್ತಾ, “ನೀನಿದ್ದೀಯಲ್ಲ” ಅಂದರು ಅಷ್ಟೆ.

ಆಯಮ್ಮ ಬಂದರು. ಬಾಗಿಲಿಗೆ ತಲೆ ತಾಗುತ್ತದೇನೋ ಅನ್ನುವಷ್ಟು ಎತ್ತರ. ನಗು ಇಲ್ಲ, ಮಾತು ಕಡಿಮೆ. ಬಡಗಿಗಳು ಅರ್ಧ ಗಂಟೆಯೊಳಗೆ ಕಂಬದಕ್ಕ ಅಂತ ಹೆಸರಿಟ್ಟು ಮುಗಿಸಿದರು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳಿಗೆ ಅವರು ಕುರ್ಚಿ ಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತಿ ಆಫೀಸಿಗೆ ಬಂದವರೇ ಕೈಚೀಲ ಕೆಳಗಿಟ್ಟು ಮೇಸ್ತ್ರಿ ಮಾಡಿದ ಕುರ್ಚಿಯಲ್ಲಿ ಕೂತರು. ಕೂತರು ಅಂದರೆ ಕೂತೇ ಇದ್ದರು. ಎದ್ದರು, ಮತ್ತೆ ಕೂತರು. ತೋಳಿನ ಮೇಲೆ ಭಾರ ಹಾಕಿ ಎದ್ದರು. ಕಾಲಿನ ಬುಡಕ್ಕೆ ಬಗ್ಗಿ ಬೆರಳಾಡಿಸಿದರು. ಆಮೇಲೆ, “ಇದು ಬಹಳ ಚೆನ್ನಾಗಿದೆ” ಅಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು! ಆದರೆ ನಮ್ಮ ಜನ ಎಲ್ಲಿ ಬಿಡುತ್ತಾರೆ? ಯಾರಾದರೂ ಹೊಗಳಿದರೆ ಮೈಮೇಲೆ ಹುಳ ಬಿದ್ದ ಹಾಗೆ ಕೊಡವಿಕೊಳ್ಳುವುದು ನಮ್ಮ ಕಡೆಯವರ ಸ್ವಭಾವ. ಸೀರೆ ಚೆನ್ನಾಗಿದೆ ಅಂದರೆ ‘ಅಯ್ಯೋ ಹಳೇದು’. ಮನೆ ಚೆನ್ನಾಗಿದೆ ಅಂದರೆ ‘ಏನೋ, ತಲೆ ಮೇಲೊಂದು ಸೂರು’. ಮಗ ಮೊದಲನೇ ದರ್ಜೆಯಲ್ಲಿ ಪಾಸಾದರೆ ‘ಹೇಗೋ ತೇರ್ಗಡೆ ಆಯ್ತು, ಅವನೆಲ್ಲಿ ಓದ್ತಾನೆ’. ಕೇಳಿದವರು ‘ಛೇ ಛೇ, ಹಾಗನ್ನಬೇಡಿ’ ಅನ್ನಬೇಕು, ನಾವು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬೇಕು, ಅವರು ನಮ್ಮನ್ನು ಮೇಲಕ್ಕೆತ್ತಬೇಕು. ಈ ಆಟ ಹುಟ್ಟಿದಾಗಿನಿಂದ ಆಡಿಕೊಂಡು ಬಂದವರಿಗೆ ಇದು ಆಟ ಅಂತಲೇ ಗೊತ್ತಿರುವುದಿಲ್ಲ.

ಕಂಬದಕ್ಕ ಚೆನ್ನಾಗಿದೆ ಅಂದ ಕೂಡಲೇ ಮಾವ ಕೈ ಮುಗಿದು, “ಅಯ್ಯೋ, ಅಂಥಾದ್ದೇನಿಲ್ಲ ಮೇಡಂ. ಏನೋ ನಮ್ಮ ಕೈಲಾದಷ್ಟು. ಸುಮಾರಾಗಿದೆ” ಅಂದರು.

ಕಂಬದಕ್ಕ ಹುಬ್ಬೇರಿಸಿ ಮೇಸ್ತ್ರಿಯ ಕಡೆ ನೋಡಿ, “ಮಾಡಿದವರು ಇವರೇನಾ? ಇವರೇನು ಹೇಳ್ತಾರೆ?” ಅಂತ ಕೇಳಿದರು. ಮೇಸ್ತ್ರಿ ನೆಲ ನೋಡುತ್ತಾ, “ಏನೋ ಮಾಡಿದೀವಿ. ಕೂತ್ಕೊಳ್ಳಬಹುದು” ಅಂದರು. ಮಾವ ಅದನ್ನೂ ಚಾಚೂ ತಪ್ಪದೆ ಆ ಭಾಷೆಗೆ ತಿರುಗಿಸಿ ಹೇಳಿದರು!

ಕಂಬದಕ್ಕ ‘ಛೇ ಛೇ’ ಅನ್ನಲಿಲ್ಲ. ಸುಮ್ಮನೆ ಕೂತರು. ಆ ಸುಮ್ಮನಿರುವುದಿದೆಯಲ್ಲ, ಅದನ್ನು ಮಾವನ ಕೈಲಿ ತಡೆಯುವುದಕ್ಕಾಗಲಿಲ್ಲ. ಕೆಳಗಿಳಿದಿದ್ದು ಸಾಲದೇನೋ ಅಂತ ಇನ್ನೂ ಇಳಿದರು. “ಇದಕ್ಕಿಂತ ಒಳ್ಳೇದು ಮಾಡೋರು ಬೇಕಾದಷ್ಟು ಜನ ಇದ್ದಾರೆ ಮೇಡಂ. ನಾವು ಸಣ್ಣವರು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋಬೇಕು” ಅಂದರು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕಂಬದಕ್ಕ ಎದ್ದು ನಿಂತರು. ಕುರ್ಚಿಯನ್ನು ಇನ್ನೊಮ್ಮೆ ನೋಡಿದರು, ಈ ಸಲ ಅನುಮಾನದಿಂದ. “ನಾಳೆ ಮಧ್ಯಾಹ್ನ ಹೊರಡ್ತೀನಿ. ಯೋಚನೆ ಮಾಡಬೇಕು” ಅಂತ ಹೇಳಿ ತಮ್ಮ ಹೋಟೆಲಿಗೆ ಹೊರಟುಹೋದರು.

ಯಜಮಾನರು ತಮ್ಮ ಕೋಣೆಯ ಬಾಗಿಲಿಂದ ಎಲ್ಲ ನೋಡಿದ್ದರು. ಏನೂ ಬೈಯಲಿಲ್ಲ. ಬಾಗಿಲು, ಕಿಟಕಿಗೆ ಮರ ಎಷ್ಟು ಬೇಕಾಗುತ್ತದೆ ವಿಚಾರಿಸಿ ಅಂತ ನನಗೆ ಹೇಳಿ ಮನೆಗೆ ಹೋದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮಾವ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತರು. “ಎಷ್ಟು ವಿನಯವಾಗಿ ಮಾತಾಡಿದೆ! ಎಲ್ಲಿ ಎಡವಿದೆ ಹೇಳು?” ಅಂತ ಅವರನ್ನು ಇವರನ್ನು ಎಲ್ಲರನ್ನೂ ಕೇಳಿದರು. ನನಗೆ ರೇಗಿಹೋಯಿತು. “ನಮ್ಮನ್ಯಾಕೆ ಕೇಳ್ತೀರ ಮಾವ? ಫೋನಿದೆ, ಆಯಮ್ಮನ್ನೇ ಕೇಳಿ” ಅಂದೆ. ಬೇರೆಯವರಾಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಾಗುತ್ತಿದ್ದರು. ಮಾವ ಹಾಗಲ್ಲ, ಮಾತಾಡುವ ಅವಕಾಶ ಯಾವತ್ತೂ ಬಿಟ್ಟವರಲ್ಲ. ಹೋಟೆಲಿಗೆ ಫೋನು ಹಚ್ಚಿದರು. “ಮೇಡಂ, ಆರ್ಡರ್ ಕೊಡಿ ಅಂತ ಕೇಳ್ತಿಲ್ಲ. ನನ್ನಿಂದ ಏನು ತಪ್ಪಾಯ್ತು ಅಷ್ಟು ಹೇಳಿ” ಅಂದರು.

ಆ ಕಡೆಯಿಂದ ಕಂಬದಕ್ಕ ಮಾತಾಡಿದ್ದು ಬಹಳ ಹೊತ್ತೇನಲ್ಲ. ಮಾವ ಫೋನು ಇಟ್ಟರು. ರೇಡಿಯೋ ಬಂದ್! ಮೇಸ್ತ್ರಿ ಗಾಬರಿಯಾಗಿ ನೀರು ತಂದುಕೊಟ್ಟರು.

“ಏನಂದ್ರು?” ಅಂದೆ.

“ನಾವು ಹೇಳಿದ್ದನ್ನ ನಂಬಿದ್ದಾಳೆ ಕಣೇ” ಅಂದರು ಮಾವ. “ಅವಳಿಗೆ ಕುರ್ಚಿ ಹಿಡಿಸಿತ್ತು. ಆದ್ರೆ ಮಾರೋನು ಸುಮಾರು ಅಂತಾನೆ, ಮಾಡಿದೋನು ಕೂತ್ಕೊಳ್ಳಬಹುದು ಅಂತಾನೆ. ಅವರ ಕಡೆ ಯಾರೂ ತಮ್ಮ ಸಾಮಾನನ್ನ ಸುಮ್ಸುಮ್ಮನೆ ಹಳಿಯಲ್ವಂತೆ. ಹಳಿದ್ರು ಅಂದ್ರೆ ಕಣ್ಣಿಗೆ ಕಾಣದ್ದು ಏನೋ ಕೆಟ್ಟಿದೆ ಅಂತ್ಲೇ ಅರ್ಥವಂತೆ. ‘ಇದರಲ್ಲಿ ಕೂರೋರು ಎಂಬತ್ತು ವರ್ಷದವರು, ಬಿದ್ದರೆ ಏಳಲ್ಲ. ನಿಮಗೇ ನಂಬಿಕೆ ಇಲ್ಲದ ಕುರ್ಚಿ ಮೇಲೆ ಅವರನ್ನ ಹೇಗೆ ಕೂರಿಸಲಿ?’ ಅಂದ್ಲು.”

“ಬಿದ್ದರೆ?” ಅಂದರು ಮೇಸ್ತ್ರಿ. ಮುಖ ಕೆಂಪಾಯಿತು. “ನನ್ನ ಕುರ್ಚಿಯಿಂದ ಬಿದ್ದರೆ? ಆನೆ ಕೂರಿಸಲಿ ನೋಡೋಣ!”

“ಇದನ್ನ ಆಗ ಹೇಳೋಕೆ ನಿನಗೇನಾಗಿತ್ತೋ?”

“ನೀನ್ಯಾಕೆ ಹೇಳಲಿಲ್ಲ?”

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಆಮೇಲೆ ಶುರುವಾಯಿತು ನೋಡಿ ಪಾಠ. ನಾಳೆ ಬೆಳಿಗ್ಗೆ ಒಂದು ಗಳಿಗೆ ಬಂದು ಹೋಗಲು ಆಯಮ್ಮ ಫೋನಿನಲ್ಲೇ ಒಪ್ಪಿದ್ದರು. ಅಷ್ಟರೊಳಗೆ ಮಾವನ ಬಾಯಲ್ಲಿ ‘ಚೆನ್ನಾಗಿದೆ’ ಅನ್ನುವ ಒಂದೇ ಒಂದು ಮಾತು ಬರಬೇಕು. ಬಂತಾ? ಉಹೂಂ! ನಾನು ಕಂಬದಕ್ಕನ ಹಾಗೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, “ಕುರ್ಚಿ ಹೇಗಿದೆ?” ಅಂತ ಕೇಳುವುದು, ಮಾವ ಎದೆ ಉಬ್ಬಿಸಿ, “ಚೆನ್ನಾಗಿದೆ” ಅಂದು, ಉಸಿರು ಬಿಡುವಷ್ಟರಲ್ಲಿ, “ಏನೋ, ತಕ್ಕಮಟ್ಟಿಗೆ” ಅಂತ ಬಾಲ ಸೇರಿಸುವುದು. ಪಾಲಿಶ್ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮಾವನಿಗೆ ನಿಜವಾಗಿಯೂ ಬೆವರು ಬಂತು. “ಬಟ್ಟೆ ಬಿಚ್ಚಿ ಬೀದೀಲಿ ನಿಂತ ಹಾಗಾಗತ್ತಲ್ಲೇ” ಅಂದರು. ಮೇಸ್ತ್ರಿ ಕೇಳಿದರೆ ಕೆಟ್ಟ ದೃಷ್ಟಿ ತಾಗೀತು ಅನ್ನುವ ಹಾಗೆ ಅವರನ್ನು ಹೊರಗೆ ಕಳಿಸಿ ಹೇಳಿ ನೋಡಿದರು. ಆಗಲೂ ಆಗಲಿಲ್ಲ.

ಬೆಳಿಗ್ಗೆ ಕಂಬದಕ್ಕ ಬಂದರು, ಕುರ್ಚಿಯಲ್ಲಿ ಕೂತರು. ಮೇಸ್ತ್ರಿ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಕೆಳಗಿನ ಕೊಯ್ತ ನಿಂತಿತ್ತು. ಎಲ್ಲರಿಗೂ ಗೊತ್ತಿತ್ತು, ಇವತ್ತು ಮಾವನ ಬಾಯಲ್ಲಿ ಏನು ಬರುತ್ತದೋ ಅದರ ಮೇಲೆ ನಾಳೆ ಈ ಜಾಗದಲ್ಲಿ ಕೀಸುಳಿ ಆಡುತ್ತದೋ ಇಲ್ಲವೋ ಅನ್ನುವುದು ನಿಂತಿದೆ ಅಂತ.

“ಮೇಡಂ” ಅಂದರು ಮಾವ. “ನಮ್ಮ ಕಡೆ ನಮ್ಮದನ್ನ ನಾವು ಹೊಗಳ್ಕೊಳ್ಳೋದು ಅಹಂಕಾರ ಅನ್ನಿಸ್ಕೊಳ್ಳತ್ತೆ. ಅದಕ್ಕೆ ನಿನ್ನೆ ಹಾಗಂದೆ. ನಿಮ್ಮ ಮಟ್ಟಿಗೆ ಅದು ಸುಳ್ಳು ಹೇಳಿದ ಹಾಗಾಯ್ತು. ಈಗ ನಿಜ ಹೇಳ್ತೀನಿ. ಈ ಕುರ್ಚಿ ಚೆನ್ನಾಗಿದೆ.” ಬಾಲ ಬಂತು, ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿದರು. ಮೇಸ್ತ್ರಿಯ ಭುಜದ ಮೇಲೆ ಕೈಯಿಟ್ಟು, “ಇವನು ಮಾಡಿದ್ದು. ಇವನಿಗಿಂತ ಒಳ್ಳೇ ಕೆಲಸಗಾರನನ್ನ ನಾನು ಕಂಡಿಲ್ಲ. ನನ್ನ ತಾಯಿ ಬದುಕಿದ್ದಿದ್ರೆ ಇದರಲ್ಲೇ ಕೂರಿಸ್ತಿದ್ದೆ” ಅಂದರು. ಮೇಸ್ತ್ರಿಗೆ ತಿಳಿಯಲಿ ಅಂತ ಅದನ್ನೇ ನಮ್ಮ ಮಾತಿನಲ್ಲೂ ಇನ್ನೊಮ್ಮೆ ಹೇಳಿದರು.

ಮೇಸ್ತ್ರಿ ಕಣ್ಣಿಗೆ ಮರದ ಪುಡಿ ಬಿತ್ತು ಅಂತ ಹೇಳಿ ಹಿಂದಿನ ನಲ್ಲಿಯ ಹತ್ತಿರ ಹೋದವರು ಬಹಳ ಹೊತ್ತು ಮುಖ ತೊಳೆದರು. ಐವತ್ತು ದಾಟಿದ ಮನುಷ್ಯನನ್ನು ಅಲ್ಲಿಯವರೆಗೆ ಯಾರೂ ಎದುರಿಗೆ ಹೊಗಳಿರಲಿಲ್ಲ.

“ಏನೂ ಕೊರತೆ ಇಲ್ವಾ?” ಅಂದರು ಕಂಬದಕ್ಕ.

“ಇದೆ. ಈ ಪಾಲಿಶ್ ಮೇಲೆ ನೀರು ನಿಂತ್ರೆ ಕಲೆ ಬೀಳತ್ತೆ. ಬೇರೆ ಪಾಲಿಶ್ ಹಾಕ್ತೀವಿ, ಆದ್ರೆ ಅದು ಒಣಗೋಕೆ ಹೊತ್ತು ಬೇಕು. ನೀವು ಹೇಳಿದ ತಿಂಗಳಿಗೆ ಆಗಲ್ಲ, ಅದರ ಮುಂದಿನ ತಿಂಗಳಿಗೆ ಆಗತ್ತೆ.” ಬಂದವರಿಗೆ ‘ಆಗಲ್ಲ’ ಅಂತ ಮಾವ ಹೇಳಿದ್ದನ್ನೂ ನಾನು ಕೇಳಿದ್ದು ಅವತ್ತೇ ಮೊದಲು.

ಕಂಬದಕ್ಕ ಎದ್ದು ಕೈ ಚಾಚಿದರು. “ಮುಂದಿನ ತಿಂಗಳಿಗೇ ಆಗಲಿ” ಅಂದರು. ಆಮೇಲೆ, ನನ್ನಾಣೆ, ನಕ್ಕರು. ಕೆಳಗೆ ಯಾರೋ ಗರಗಸ ಶುರು ಮಾಡಿದರು, ಸಂತೋಷಕ್ಕೆ ಮರಕ್ಕೆ ಬದಲು ಮೇಜನ್ನೇ ಅಷ್ಟು ಕೊಯ್ದಿದ್ದರು.

ಆ ಮೇಲೆ ಕಂಬದಕ್ಕ ವರ್ಷವರ್ಷವೂ ಬಂದರು. ಮೇಸ್ತ್ರಿ ಆ ಮಾಡಿನ ಕೆಳಗೇ ಕೆಲಸ ಮಾಡಿ ಅಲ್ಲಿಂದಲೇ ನಿವೃತ್ತರಾದರು. ಈಗ ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಮಾವನೂ ಇಲ್ಲ, ಮೇಸ್ತ್ರಿಯೂ ಇಲ್ಲ. ನಾನೂ ಎಷ್ಟೋ ಆಫೀಸು ಕಂಡೆ, ಎಷ್ಟೋ ದೇಶದವರ ಜೊತೆ ವ್ಯವಹಾರ ಮಾಡಿದೆ. ಎಲ್ಲೂ ಅಷ್ಟು ನಕ್ಕಿಲ್ಲ, ಯಾರ ಮಾತಿಗಾಗಿಯೂ ಅಷ್ಟು ಉಸಿರು ಬಿಗಿಹಿಡಿದಿಲ್ಲ. ಆ ದಿನಗಳು ಈಗಲೂ ಬೇಕು ಅನ್ನಿಸುತ್ತದೆ. ಆದರೆ ಮಾವ ಅಂದರೆ ನನಗೆ ಮೊದಲು ನೆನಪಾಗುವುದು ಆ ಬೆಳಿಗ್ಗೆಯಲ್ಲ, ಅವತ್ತಿನ ಸಾಯಂಕಾಲ.

ಮೇಸ್ತ್ರಿಯನ್ನು ಮಾವ ಊಟಕ್ಕೆ ಕರೆದುಕೊಂಡು ಬಂದಿದ್ದರು. ನಾವು ಮೂವರೂ ಕೂತಿದ್ದೆವು, ಅತ್ತೆ ಬಡಿಸುತ್ತಿದ್ದರು. ಮಾವನ ರೇಡಿಯೋ ಎರಡು ದಿನದ ಬಾಕಿಯನ್ನೂ ಸೇರಿಸಿ ಹಾಡುತ್ತಿತ್ತು. ಕಂಬದಕ್ಕನ ಹುಬ್ಬು, ನನ್ನ ಸ್ಟೂಲು, ತಮ್ಮ ಬೆವರು, ಒಂದನ್ನೂ ಬಿಡಲಿಲ್ಲ. ಮೇಸ್ತ್ರಿ ನಕ್ಕು ನಕ್ಕು ಕೆಮ್ಮಿದರು. ಕೊನೆಗೆ ಮಾವ ತೊಡೆ ತಟ್ಟಿ, “ಎಂಥಾ ಜನ ನೋಡು! ಬಾಯಿಮಾತಿಗೆ ಏನೋ ಅಂದ್ರೆ ಅದನ್ನೇ ನಿಜ ಅಂತ ನಂಬೋದಾ? ಇಂಥೋರು ಇರ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ!” ಅಂದರು.

“ನಾನೂ ನಂಬಿದ್ದೆ” ಅಂದರು ಅತ್ತೆ.

ಸೌಟು ಕೈಯಲ್ಲೇ ಇತ್ತು. ದನಿ ಏರಿರಲಿಲ್ಲ. ಮಾವ ಅರ್ಥವಾಗದೆ ನಗುಮುಖದಲ್ಲೇ ತಲೆಯೆತ್ತಿದರು.

“ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಮನೆಗೆ ಬಂದಿದ್ರು. ನಾನು ಹಾಕಿದ ಕಸೂತಿ ನೋಡಿ, ನಮ್ಮ ಸ್ಕೂಲಲ್ಲಿ ಹೊಲಿಗೆ ಹೇಳಿಕೊಡಕ್ಕೆ ಬರ್ತೀರಾ ಅಂದ್ರು. ನೀವು ಅಂದ್ರಿ, ‘ಇವಳಾ? ಇವಳಿಗೆ ಗುಂಡಿ ಹಾಕಕ್ಕೂ ನೆಟ್ಟಗೆ ಬರಲ್ಲ, ಮಕ್ಕಳಿಗೇನು ಹೇಳಿಕೊಡ್ತಾಳೆ’ ಅಂತ. ಅವರು ನಕ್ಕರು, ನೀವೂ ನಕ್ಕಿರಿ. ಮತ್ತೊಂದು ಸಲ ಅವರು ಕೇಳಿ ಕಳಿಸಿದಾಗ ನಾನೇ ಬರಲ್ಲ ಅಂದೆ.” ಅತ್ತೆ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಆಯಮ್ಮ ಒಂದು ದಿನ ನಂಬಿದ್ದಕ್ಕೆ ನಿಮಗೆ ನೆಲ ಕುಸಿದ ಹಾಗಾಯ್ತು. ನಾನು ಅವತ್ತಿಂದ ಇವತ್ತಿನವರೆಗೂ ನಂಬ್ಕೊಂಡೇ ಬಂದೆ.”

ಮೇಸ್ತ್ರಿ ತಟ್ಟೆ ನೋಡುತ್ತಾ ಕೂತರು. ನನಗೆ ಮಾವನ ಮೇಲೆ ಸಿಟ್ಟು ಬಂತು, ಅವರ ಮುಖ ನೋಡಿ ಅಳುವೂ ಬಂತು. ಮಾವ ಎಂಜಲು ಕೈಯಲ್ಲೇ ಎದ್ದು ನಿಂತರು. ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಕಲಿತ ಮಾತನ್ನು ಈಗ ಇಲ್ಲೂ ಆಡಬೇಕಿತ್ತು.

“ಅದು ಸುಳ್ಳು ಕಣೇ” ಅಂದರು. “ನಿನ್ನ ಕೈಕೆಲಸದಂಥಾದ್ದು ನಾನು ಎಲ್ಲೂ ನೋಡಿಲ್ಲ.”

ಅತ್ತೆ ಸೌಟನ್ನು ಪಾತ್ರೆಯಲ್ಲಿ ಅದ್ದಿದರು.

“ಇದನ್ನ ಅವತ್ತು ಅವರ ಮುಂದೆ ಹೇಳಬೇಕಿತ್ತು” ಅಂದು, ಮೇಸ್ತ್ರಿಯ ತಟ್ಟೆಗೆ ಬಡಿಸಿದರು.